ಗೋಡೆ ಏರಿದ ಚಿಗವ್ವ

ಅರವತ್ತು ದಾಟಿದ ಮೇಲೆ ಮನುಷ್ಯನ ಹೊಟ್ಟೆಕಿಚ್ಚು ತಾನಾಗಿಯೇ ಆರಿಹೋಗುತ್ತದೆ ಎಂದು ನಾನು ನಂಬಿದ್ದೆ. ಹಾಗೆ ನಂಬಲು ಆಧಾರವೇನೂ ಇರಲಿಲ್ಲ. ನಿವೃತ್ತ ಮಾಸ್ತರರು ಆಧಾರವಿಲ್ಲದ ಸಂಗತಿಗಳನ್ನೇ ಹೆಚ್ಚು ಗಟ್ಟಿಯಾಗಿ ನಂಬುತ್ತಾರೆ. ಕಳೆದ ವರ್ಷ ಒಂದು ಗೋಡೆಯ ದೆಸೆಯಿಂದ ನನಗೆ ಹೊಟ್ಟೆಕಿಚ್ಚಾಯಿತು, ಅದೂ ನನ್ನ ಸ್ವಂತ ಚಿಗವ್ವನ ಮೇಲೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ ನೀಲವ್ವ. ಉಟಗಿಯಲ್ಲಿ ನಮ್ಮ ಮನೆಯಿಂದ ನಾಲ್ಕನೆಯ ಮನೆ ಅವಳದು. ವಯಸ್ಸು ಎಪ್ಪತ್ತೈದರ ಆಚೆ ಈಚೆ. ಕಣ್ಣಿಗೆ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ, ಯಾರಿಗೂ ಹೆದರದೆ ಎದುರಿಗೇ ಮಾತಾಡುತ್ತಾಳೆ. ಊರಿನ ಅರ್ಧ ಜನ ಹಳೆ ಬಟ್ಟೆ ಜೋಡಿಸಿ ಅವಳು ಹೊಲಿದ ಕೌದಿಯ ಮೇಲೆ ಹುಟ್ಟಿದವರು. ಉಳಿದರ್ಧ ಜನ ಅವಳ ಬೈಗುಳ ಕೇಳಿ ಬೆಳೆದವರು. ನಾನು ಎರಡೂ ಗುಂಪಿಗೆ ಸೇರಿದವನು.

ಮಹಾರಾಷ್ಟ್ರದ ಗಡಿಯೊಳಗೆ ಸೇರಿದ ನಮ್ಮ ತಾಲೂಕಿನ ಊರಾದ ಜತ್ತದಲ್ಲಿ ಹಳೆ ಪೇಟೆಯ ಹಿಂದೆ ಒಂದು ಓಣಿ ಇದೆ. ಎರಡೂ ಬದಿಗೆ ಕಾಳಿನ ಗೋದಾಮುಗಳು. ಅವುಗಳ ಎತ್ತರದ ಗೋಡೆಗಳು ಇಷ್ಟು ವರ್ಷ ಎರಡೇ ಕೆಲಸ ಮಾಡಿದ್ದವು: ಬೀಜ ಗೊಬ್ಬರದ ಜಾಹೀರಾತು ಹೊರುವುದು ಮತ್ತು ಸಂತೆಗೆ ಬಂದ ಗಂಡಸರಿಗೆ ಮರೆಯಾಗುವುದು. ದೊಡ್ಡ ಊರಿನಿಂದ ಬಂದ ಕಲಾವಿದರ ಒಂದು ತಂಡ ಈ ಗೋಡೆಗಳಿಗೆ ಚಿತ್ರ ಬರೆಯುತ್ತದಂತೆ, ಓಣಿಯ ಖಾಲಿ ಶೆಡ್ಡುಗಳಲ್ಲಿ ಕಂಬಳಿ ನೇಯುವವರು, ಬುಟ್ಟಿ ಹೆಣೆಯುವವರು, ಕೌದಿ ಹೊಲಿಯುವವರು ಕೂತು ಕೆಲಸ ಮಾಡುತ್ತಾರಂತೆ, ಜನ ಸುತ್ತಾಡಿ ನೋಡುತ್ತಾರಂತೆ ಎಂದು ಸುದ್ದಿ ಬಂತು. ಗೋಡೆ ನೋಡಲು ಜನ ಬಸ್ಸು ಹತ್ತಿ ಬರುತ್ತಾರೆ ಎಂಬುದನ್ನು ಉಟಗಿಯಲ್ಲಿ ಯಾರೂ ನಂಬಲಿಲ್ಲ. ನಾನಂತೂ ಕಟ್ಟೆಯ ಮೇಲೆ ಕೂತು ಅದನ್ನು ತರ್ಕಬದ್ಧವಾಗಿ ತಳ್ಳಿಹಾಕಿದೆ.

ಆಮೇಲೆ ಆ ತಂಡದ ಹುಡುಗಿ, ಸಾಯಲಿ ಎಂದು ಹೆಸರು, ನಮ್ಮ ಊರಿಗೇ ಬಂದಳು. ಒಂದು ದೊಡ್ಡ ಗೋಡೆಗೆ ಈ ಭಾಗದ ಒಂದು ಮುಖ ಬೇಕಾಗಿದೆ ಎಂದಳು. ನಾನು ಮನೆಗೆ ಹೋಗಿ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಉಳಿದಿರುವ ಕೂದಲನ್ನು ಹಂಚಿ ಬಾಚಿಕೊಂಡು ಹಿಂದಿರುಗಿದೆ. ಫೋಟೋಕ್ಕೆ ನಿಂತೆ. ನಿಂತುಕೊಂಡೇ ನನ್ನ ಕನ್ನಡ ಶಾಲೆಯ ಸೇವಾವಧಿ, ಗಡಿಭಾಗದ ಇತಿಹಾಸ, ಎಲ್ಲವನ್ನೂ ಮರಾಠಿಯಲ್ಲಿ ವಿವರಿಸಿದೆ. ಅವಳು ತಲೆಯಾಡಿಸುತ್ತ ಕೇಳಿದಳು. ಕೊನೆಗೆ ಬಹಳ ವಿನಯದಿಂದ, ಸರ್, ಸ್ವಲ್ಪ ಪಕ್ಕಕ್ಕೆ ಸರಿಯುತ್ತೀರಾ, ಹಿಂದೆ ಕೂತಿರುವ ಅಜ್ಜಿಯ ಮೇಲೆ ನಿಮ್ಮ ನೆರಳು ಬೀಳುತ್ತಿದೆ ಎಂದಳು.

ಹಿಂದೆ ಚಿಗವ್ವ ಕೂತು ಕೌದಿ ಹೊಲಿಯುತ್ತಿದ್ದಳು. ನಾನು ಸರಿದೆ.

ಎರಡು ತಿಂಗಳಲ್ಲಿ ಚಿಗವ್ವ ಜತ್ತದ ಗೋಡೆಯ ಮೇಲೆ ಎರಡು ಮಾಳಿಗೆ ಎತ್ತರಕ್ಕೆ ಎದ್ದು ನಿಂತಳು. ಜೀಪಿನಲ್ಲಿ ಹೋಗಿಬಂದವರೆಲ್ಲ ಹೊಗಳಿದರು. ನನ್ನನ್ನೂ ಕರೆದರು. ಆ ದಿನಗಳಲ್ಲಿ ನನ್ನ ಮೊಣಕಾಲು ವಿಪರೀತ ನೋಯುತ್ತಿತ್ತು. ಗೋಡೆಯ ಮಾತು ಬಂದಾಗ ಮಾತ್ರ ನೋಯುತ್ತಿತ್ತು ಎಂಬುದನ್ನು ನನ್ನ ಹೆಂಡತಿ ಗುರುತಿಸಿದ್ದಳು, ಪುಣ್ಯಕ್ಕೆ ಯಾರಿಗೂ ಹೇಳಲಿಲ್ಲ.

ಇನ್ನು ಮುಂದಿನದು ನಮ್ಮ ಕಡೆಯ ಜನ ಮಾತ್ರ ಮಾಡಬಹುದಾದ ತಪ್ಪು. ಯಳವಿಯಿಂದ ದೂರದ ಸಂಬಂಧಿಯೊಬ್ಬರು ಬೆಳಗ್ಗೆ ಫೋನ್ ಮಾಡಿದರು.

"ಮಾಸ್ತರ, ನೀಲವ್ವ ಯಾವಾಗ ಹ್ವಾದ್ಳರಿ? ನಮಗ ಒಂದ್ ಮಾತ ಹೇಳಬಾರದೇನ್ರಿ?"

ನಾನು ಕಿಟಕಿಯಿಂದ ನೋಡಿದೆ. ಚಿಗವ್ವ ತನ್ನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. "ಎಲ್ಲಿಗೂ ಹೋಗಿಲ್ಲರಿ, ಇಲ್ಲೇ ಅದಾಳ" ಎಂದೆ. ಆ ಕಡೆಯಿಂದ ಒಂದು ದೀರ್ಘ ನಿಟ್ಟುಸಿರು ಬಂತು. "ಹೌದ್ರಿ, ಜೀವಾ ಇಲ್ಲೇ ಇರತದ, ಎಲ್ಲಿ ಹೋಗತದ" ಎಂದು ಅವರು ಫೋನಿಟ್ಟರು. ಅಧ್ಯಾತ್ಮ ಬಲ್ಲವರೊಂದಿಗೆ ಫೋನಿನಲ್ಲಿ ಮಾತಾಡುವುದು ಕಷ್ಟ.

ತಪ್ಪು ಅವರದಲ್ಲ. ನಮ್ಮ ತಾಲೂಕಿನಲ್ಲಿ ರಸ್ತೆಯ ಬದಿಗೆ ಮನುಷ್ಯನ ಮುಖ ಆಳೆತ್ತರಕ್ಕೆ ಏರುವುದು ಎರಡೇ ಸಂದರ್ಭದಲ್ಲಿ. ಒಂದು ಪುಢಾರಿಯ ಹುಟ್ಟುಹಬ್ಬ, ಇನ್ನೊಂದು ಶ್ರದ್ಧಾಂಜಲಿ. ಓದು ಬಾರದವರಿಗೂ ಇವೆರಡರ ವ್ಯತ್ಯಾಸ ತಿಳಿಯುತ್ತದೆ. ಕಪ್ಪು ಕನ್ನಡಕ, ಕಿವಿಗೆ ಹಿಡಿದ ಮೊಬೈಲು ಇದ್ದರೆ ಹುಟ್ಟುಹಬ್ಬ. ಸುತ್ತ ಹೂವಿದ್ದರೆ ಹೋಗಿದ್ದಾರೆ ಎಂದು ಅರ್ಥ. ಸಾಯಲಿ ಚಿಗವ್ವನ ಮುಖದ ಸುತ್ತ ಚಂದಕ್ಕೆಂದು ಚೆಂಡು ಹೂವಿನ ಬಳ್ಳಿ ಬರೆದಿದ್ದಳು. ಕೆಳಗೆ ದೊಡ್ಡ ಅಕ್ಷರದಲ್ಲಿ ನೀಲವ್ವ, ಉಟಗಿ ಎಂದು ಹೆಸರು ಹಾಕಿದ್ದಳು. ಎಸ್‌ಟಿ ಬಸ್ಸಿನ ಕಿಟಕಿಯಿಂದ ಕಂಡ ಜನ ಅಲ್ಲಿಂದಲೇ ಕೈಮುಗಿದರು.

ಯೋಚಿಸಿದರೆ ಇದು ಬಸ್ಸಿನ ಕಾಲದ ರೂಢಿಯೂ ಅಲ್ಲ. ಹಳೆ ಗುಡಿಗಳ ಮುಂದೆ ವೀರಗಲ್ಲುಗಳಿವೆಯಲ್ಲ, ಕತ್ತಿ ಹಿಡಿದ ವೀರ, ದನ ಬಿಡಿಸಿಕೊಂಡು ಬಂದ ವೀರ, ಆ ಪೈಕಿ ಒಬ್ಬನಾದರೂ ತನ್ನ ಕಲ್ಲನ್ನು ತಾನು ನೋಡಿದವನಲ್ಲ. ಸಾಯುವ ತನಕ ಅವನ ಮೂಗು ಹೇಗಿದೆ ಎಂದು ಯಾವ ಕಲ್ಲುಕುಟಿಗನೂ ತಲೆಯೆತ್ತಿ ನೋಡಿರಲಿಕ್ಕಿಲ್ಲ. ನಮ್ಮ ಮನೆಯಲ್ಲೇ ನೋಡಿ, ಅಪ್ಪನ ಫೋಟೋ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದು ಅವರು ತೀರಿಹೋದ ಮೇಲೆ. ಅದಕ್ಕೂ ಮೊದಲು ಆ ಫೋಟೋ ನಾಗೊಂದಿ ಹಲಗೆಯ ಮೇಲೆ ಔಷಧ ಚೀಟಿಗಳ ನಡುವೆ ಇತ್ತು. ಮುಖ ಅದೇ. ಬದುಕಿರುವವರ ಮುಖಕ್ಕೆ ಗೋಡೆ ಕೊಡುವುದು ನಮಗೆ ಹೊಳೆಯುವುದೇ ಇಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ.

ಮರುದಿನ ಮಧ್ಯಾಹ್ನ ಯಳವಿಯಿಂದ ಒಂದು ಜೀಪು ತುಂಬ ಹೆಂಗಸರು ಬಂದರು. ಸತ್ತವರ ಮನೆಗೆ ಹೋಗುವಾಗ ಓಣಿಯ ತುದಿಯಿಂದಲೇ ಅಳಲು ಶುರು ಮಾಡಬೇಕು. ಅವರು ರೂಢಿ ತಪ್ಪಿಸಲಿಲ್ಲ. ಬಾಯಿಗೆ ಸೆರಗು ಹಿಡಿದು, ನೀಲವ್ವನ ಕೈಯ ಕೌದಿ, ನೀಲವ್ವನ ಕೈಯ ರೊಟ್ಟಿ, ತಾಯಿಯಿಲ್ಲದ ಮಕ್ಕಳಿಗೆ ಅವಳು ಹೊದಿಸಿದ ಸೆರಗು ಎಂದು ಒಂದೊಂದೇ ಎತ್ತಿ ಹಾಡಿ ಅಳುತ್ತ ಬಂದರು. ಚಿಗವ್ವ ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟು ಎದ್ದುನಿಂತಳು. ಅವಳ ಕಣ್ಣಲ್ಲೂ ನೀರು ಬಂದಿತ್ತು.

"ಯಾರ್ ಹ್ವಾದ್ರವಾ?" ಎಂದು ಕೇಳಿದಳು.

ಮುಂದಿದ್ದವಳು ತಲೆಯೆತ್ತಿ ನೋಡಿ ಅಲ್ಲೇ ಕೂತುಬಿಟ್ಟಳು. ಒಮ್ಮೆ ಹತ್ತಿದ ಅಳು ಬಟನ್ ಒತ್ತಿದರೆ ನಿಲ್ಲುವಂಥದ್ದಲ್ಲ. ಇಬ್ಬರು ಬಿಕ್ಕುತ್ತಲೇ ಇದ್ದರು. ಇಬ್ಬರು ನಗಲಾರಂಭಿಸಿದರು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಾದ್ದರಿಂದ ಅವರು ಬುತ್ತಿ ಕಟ್ಟಿಕೊಂಡು ಬಂದಿದ್ದರು. ಸತ್ತವಳೇ ತಾಟು ಹಾಕಿ ಅವರಿಗೆ ಬಡಿಸಿದಳು, ತಾನೂ ಎರಡು ರೊಟ್ಟಿ ಉಂಡಳು.

ಹೀಗೆ ಹದಿನೈದು ದಿನ ನಡೆಯಿತು. ಯಾರು ಬಂದರೂ ಚಿಗವ್ವನಿಗೆ ಬೇಸರವಿರಲಿಲ್ಲ. ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತುಗಳು ಲೋಕದಲ್ಲಿವೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲವಂತೆ. ಬೇಸರವಾದದ್ದು ಅವಳ ಮಗ ಈರಣ್ಣನಿಗೆ. ಅವನದು ಊರಿನಲ್ಲಿ ಕಿರಾಣಿ ಅಂಗಡಿ. ಗಿರಾಕಿಗಳೆಲ್ಲ ಅವನ ತಲೆಯ ಕಡೆ ನೋಡಿ, ಯಾಕೆ ಬೋಳಿಸಿಲ್ಲ ಎಂದು ಕೇಳುತ್ತಿದ್ದರು. "ಅಪಶಕುನ ಅದು. ಜೀವಂತ ಇದ್ದಾಕಿನ್ನ ಎಷ್ಟ ಸಲಾ ಸಾಯಿಸ್ತಾರ? ಅಳಿಸಾಕ ಹೇಳ್ರಿ ಅವರಿಗೆ" ಎಂದು ನನ್ನ ಬೆನ್ನು ಹತ್ತಿದ. ನಾನು ಸಾಯಲಿಗೆ ಫೋನ್ ಮಾಡಿದೆ. ಅವಳು ಬಹಳ ನೊಂದುಕೊಂಡಳು. ಅಜ್ಜಿ ಒಮ್ಮೆ ಬಂದು ನೋಡಲಿ, ಬೇಡವೆಂದರೆ ಅದೇ ದಿನ ಅಳಿಸಿ ಅಲ್ಲೊಂದು ಜೋಳದ ಹೊಲ ಬರೆದುಬಿಡುತ್ತೇನೆ ಎಂದಳು. ನನ್ನೊಳಗಿನ ಹೊಟ್ಟೆಕಿಚ್ಚು ಆ ಮಾತಿಗೆ ಒಂದು ಕ್ಷಣ ಕಿವಿ ನಿಮಿರಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಚಿಗವ್ವ ಮಾತ್ರ ಆ ಹೊತ್ತಿಗೆ ಬೇರೊಂದು ಲೆಕ್ಕದಲ್ಲಿದ್ದಳು. ಯಳವಿಯವರು ಬಂದರು, ಸನಮಡಿಯವರು ಬಂದರು, ಎಂದೋ ಒಮ್ಮೆ ಕೌದಿ ಹೊಲಿಸಿಕೊಂಡವರೂ ಬಂದರು ಎಂದು ಬೆರಳು ಮಡಚುತ್ತ ಹೋಗಿ, ಒಂದು ಸಂಜೆ ಮಡಚುವುದನ್ನು ನಿಲ್ಲಿಸಿದಳು.

"ಜೈತೂನ ಬರಲಿಲ್ಲ ತಮ್ಮಾ" ಎಂದಳು. "ಜತ್ತದಾಗ ಇರತಾಳ. ಆ ಗ್ವಾಡಿ ದಿನಾ ಕಾಣತದ ಅಕಿಗೆ. ನಾ ಸತ್ತೀನಂತ ತಿಳದೂ ಬರಲಿಲ್ಲ."

ಜೈತೂನಬಿಯ ಬಗ್ಗೆ ಹೇಳಬೇಕು. ಹಿಂದೆ ಅವಳ ಮನೆ ಉಟಗಿಯಲ್ಲಿ ಚಿಗವ್ವನ ಮನೆಗೆ ಬೆನ್ನು ಹಚ್ಚಿಕೊಂಡೇ ಇತ್ತು. ಗಂಡ ಬಳೆ ಮಾರುತ್ತಿದ್ದ. ದೊಡ್ಡ ಕೌದಿಗೆ ಒಬ್ಬರ ಕೈ ಸಾಲದು. ಇಬ್ಬರೂ ಅಕ್ಕಪಕ್ಕ ಕೂತು ಮೂವತ್ತು ವರ್ಷ ಹೊಲಿದರು. ಕೌದಿಗೆ ಒಂದು ರೂಢಿ ಇದೆ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡಬೇಕು. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನೆಮ್ಮದಿಯ ನಿದ್ದೆಯಿಲ್ಲ ಎಂದು ನಂಬಿಕೆ. ಈರಣ್ಣನ ಮಗಳ ಮದುವೆಯ ಕೌದಿಗೆ ಕೊನೆಯ ಮೂಲೆ ಮುಚ್ಚಿದವಳು ಜೈತೂನಬಿ. ರೊಟ್ಟಿ ಇಟ್ಟಿಲ್ಲ, ಮರೆತಿದ್ದೀ ಎಂದಳು ಚಿಗವ್ವ. ಇಟ್ಟಿದ್ದೇನೆ ಎಂದಳು ಅವಳು. ಬೀಗರೆಲ್ಲ ನೋಡುತ್ತಿದ್ದಂತೆ ಚಿಗವ್ವ ಬ್ಲೇಡು ತಂದು ಮೂಲೆ ಬಿಚ್ಚಿದಳು. ರೊಟ್ಟಿಯ ಚೂರು ಒಳಗೆ ತಣ್ಣಗೆ ಕೂತಿತ್ತು.

ಜೈತೂನಬಿ ತನ್ನ ಸೂಜಿ ತೆಗೆದುಕೊಂಡು ಎದ್ದುಹೋದಳು. ಆಮೇಲೆ ಗಂಡ ತೀರಿಹೋಗಿ, ಅವಳು ಜತ್ತಕ್ಕೆ ಮಗಳ ಮನೆಗೆ ಹೋಗಿ ನೆಲೆಸಿದಳು. ಆ ಮೂಲೆ ಬಿಚ್ಚಿ ಎಂಟು ವರ್ಷವಾಯಿತು. ತಪ್ಪು ತನ್ನದೆಂದು ಚಿಗವ್ವನಿಗೆ ಗೊತ್ತು. ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಬೈಯಬೇಕಾದರೆ ನಾಲಿಗೆ ಸರಾಗವಾಗಿ ಓಡುತ್ತದೆ, ತಪ್ಪಾಯಿತು ಎನ್ನಬೇಕಾದರೆ ನೆಗಡಿಯಾಗುತ್ತದೆ. ಸತ್ತಾಗಲಾದರೂ ಜೈತೂನ ಬಂದೇ ಬರುತ್ತಾಳೆ ಎಂದು ಚಿಗವ್ವ ಒಳಗೊಳಗೇ ಧೈರ್ಯವಾಗಿದ್ದಳು. ಈಗ ಆ ಬಾಗಿಲೂ ಮುಚ್ಚಿತು ಎಂದು ಅವಳಿಗೆ ತೋರಿತು. ಹದಿನೈದು ದಿನ ತನ್ನ ಸಾವನ್ನು ನಗುತ್ತ ಕಳೆದವಳು ಆ ರಾತ್ರಿ ಊಟ ಬಿಟ್ಟಳು.

"ಅಳಿಸಿ ಬಿಡೂಣು" ಎಂದಳು ಬೆಳಗ್ಗೆ. "ನಡಿ, ಹೋಗಿ ಹೇಳಿ ಬರೂಣು."

ನಾವಿಬ್ಬರೂ ಎಸ್‌ಟಿ ಹತ್ತಿದೆವು. ಓಣಿಯ ಬಾಯಿಗೆ ಇಳಿದಾಗ ನನಗೆ ಮೊದಲು ಕಂಡದ್ದು ನೀರಿನ ಕೊಳವೆಯ ಮೇಲೆ ಸಾಲಾಗಿ ಏರುತ್ತಿದ್ದ ಕುರಿಗಳು. ನಿಜವಾದ ಕೊಳವೆ, ಚಿತ್ರದ ಕುರಿ. ಕೊನೆಯ ಕುರಿ ಹಿಂದೆ ತಿರುಗಿ ನಮ್ಮನ್ನೇ ನೋಡುತ್ತಿತ್ತು. ಇನ್ನೊಂದು ಗೋಡೆಯ ತುಂಬ ಕಪ್ಪು ಕಂಬಳಿ ಒಣಹಾಕಿದಂತೆ ಬರೆದಿದ್ದರು. ಅದರ ಕೆಳಗಿನ ಶೆಡ್ಡಿನಲ್ಲಿ ನಿಜವಾದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಒಬ್ಬ ಕಂಬಳಿ ನೇಯುತ್ತಿದ್ದ. ಕಾಲೇಜಿನ ಹುಡುಗಿಯರು ಅವನ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಅವನು ನಾಚಿ ಲಾಳಿ ತಪ್ಪಿಸುತ್ತಿದ್ದ. ನನ್ನ ಊರಿನಲ್ಲಿ ದಿನಾ ಕಾಣುತ್ತಿದ್ದ ಕಂಬಳಿಯನ್ನೇ ನಾನು ಅಲ್ಲಿ ಬಾಯಿ ತೆರೆದು ನೋಡಿದೆ. ಬೇರೆಯವರು ನೋಡುವುದನ್ನು ಕಂಡ ಮೇಲೆ ನೋಡಲು ಕಲಿಯುವುದು ಮಾಸ್ತರನಿಗೆ ಶೋಭಿಸುವ ಸಂಗತಿಯಲ್ಲ, ಆದರೆ ಹಾಗೇ ಆಯಿತು.

ತಿರುವು ದಾಟಿದರೆ ಚಿಗವ್ವ. ಗೋದಾಮಿನ ಇಡೀ ಗೋಡೆ ಅವಳೇ. ಹಣೆಯ ಮೇಲೆ ವಿಭೂತಿ, ಕೆನ್ನೆಯ ಸುಕ್ಕು, ಹಲ್ಲಿನಿಂದ ದಾರ ಕಡಿಯುವಾಗಿನ ಆ ಒಂದು ಗತ್ತು, ಯಾವುದೂ ಬಿಟ್ಟುಹೋಗಿರಲಿಲ್ಲ. ನಾನು ಹೊಟ್ಟೆಕಿಚ್ಚನ್ನು ಅಲ್ಲೇ ಕೆಳಗಿಟ್ಟೆ. ಆ ಗೋಡೆಗೆ ನನ್ನ ಕೋಟು ಬರೆದಿದ್ದರೆ ಯಾರೂ ಬಸ್ಸಿನ ಕಿಟಕಿಯಿಂದ ಕೈಮುಗಿಯುತ್ತಿರಲಿಲ್ಲ.

ಗೋಡೆಯ ಬುಡದಲ್ಲಿ ಗದ್ದಲ ನಡೆದಿತ್ತು. ಯಾರೋ ಒಬ್ಬರು, ಹೊರ ಊರಿನವರಿರಬೇಕು, ಚಿತ್ರದ ಕೆಳಗಿನ ಮೊಳೆಗೆ ಹೂವಿನ ಹಾರ ಹಾಕಿದ್ದರು. ನಮಗೆ ಬೆನ್ನು ಮಾಡಿ ನಿಂತ ಮುದುಕಿಯೊಬ್ಬಳು ಉದ್ದನೆಯ ಗಳದಿಂದ ಆ ಹಾರವನ್ನು ಕೆಳಗೆಳೆಯುತ್ತಿದ್ದಳು.

"ಹೂವ ಹಾಕಿದ್ರ ನಿಮಗೇನ್ ತ್ರಾಸ್ರಿ ಅವ್ವಾ?" ಎಂದ ಆ ಮನುಷ್ಯ.

"ಸತ್ತವರಿಗೆ ಹಾಕ್ರಿ. ಅಕಿ ಸತ್ತಿಲ್ಲ" ಎಂದಳು ಮುದುಕಿ. "ದಿನಾ ಹತ್ತ ಮಂದಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗೇದ."

"ಮಂದಿ ಎಲ್ಲಾ ಹಂಗ ಅಂತಾರಲ್ರಿ."

"ಮಂದಿಗೇನ್ ಗೊತ್ತದ? ಅಕಿ ಸತ್ತಿದ್ರ ನನಗ ಗೊತ್ತಾಗ್ತಿರಲಿಲ್ಲೇನ್ರಿ?"

ದನಿ ಕೇಳಿದ ಕೂಡಲೇ ಚಿಗವ್ವ ನನ್ನ ತೋಳು ಹಿಡಿದಿದ್ದಳು. ಆ ಹಿಡಿತ ಈಗಲೂ ನನಗೆ ನೆನಪಿದೆ. ಆಮೇಲೆ ಅವಳ ಬಾಯಿಂದ ಬಂದದ್ದು ನಮ್ಮ ಮನೆತನಕ್ಕೆ ತಕ್ಕ ಮಾತೇ.

"ಹಾರಾ ಯಾಕ ಜಗ್ಗತಿ? ನನಗ ಹಾಕ್ಯಾರ, ನಿನಗಲ್ಲ."

ಜೈತೂನಬಿ ತಿರುಗಿದಳು. ಗಳ ಕೆಳಗೆ ಬಿತ್ತು. ಚಿಗವ್ವನನ್ನು ಕಾಲಿನಿಂದ ತಲೆಯ ತನಕ ನೋಡಿ, ಆಮೇಲೆ ಗೋಡೆಯ ಕಡೆ ನೋಡಿ, ಮತ್ತೆ ಚಿಗವ್ವನನ್ನು ನೋಡಿದಳು.

"ಬಂದ್ಯಾ" ಎಂದಳು. "ಭಾಳ ಸೊರಗೀದಿ. ಗ್ವಾಡಿ ಮ್ಯಾಲೆ ಚಲೋ ಕಾಣತಿ."

ಹಾರ ಹಾಕಿದ ಮನುಷ್ಯ ಗೋಡೆಯನ್ನೂ ಚಿಗವ್ವನನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ. ಅವನಿಗೆ ನಾನು ಏನಾದರೂ ವಿವರಿಸಬೇಕಾಗಿತ್ತು. ಆದರೆ ನಾನು ಬಿದ್ದ ಗಳವನ್ನೆತ್ತಿ ಗೋಡೆಗೆ ಒರಗಿಸುತ್ತಿದ್ದೆ.

ಕೌದಿಯ ಶೆಡ್ಡು ಗೋಡೆಗೆ ನೇರ ಎದುರಿಗಿತ್ತು. ಜೈತೂನಬಿ ಅಲ್ಲಿ ಕೂತು ಹೊಲಿಯುವವಳು. ಒಳಗೆ ತಂಪಾದ ಜಾಗ ಬೇಕಾದಷ್ಟಿದ್ದರೂ ಬಿಸಿಲು ಬೀಳುವ ಬಾಗಿಲಲ್ಲೇ ಅವಳು ಗೋಣಿ ತಟ್ಟು ಹಾಸಿಕೊಂಡಿದ್ದಳು. ಆ ಹೊತ್ತಿಗೆ ಸಾಯಲಿ ಓಡಿಬಂದಳು. ಈ ಅಜ್ಜಿ ತನ್ನಿಂದ ಒಂದು ವಾರ ಹೆಚ್ಚಿನ ಕೆಲಸ ಮಾಡಿಸಿದ್ದಾಳೆ ಎಂದು ದೂರು ಹೇಳಿದಳು. ಫೋಟೋದಲ್ಲಿ ಕೈ ಸರಿಯಾಗಿ ಬಂದಿರಲಿಲ್ಲವಾದ್ದರಿಂದ ಸಾಯಲಿ ಮೊದಲು ಸೂಜಿಯನ್ನು ಚಿಗವ್ವನ ಬಲಗೈಯಲ್ಲಿ ಬರೆದಿದ್ದಳಂತೆ. ಜೈತೂನಬಿ ಏಣಿಯ ಕೆಳಗೆ ನಿಂತು, ನೀಲವ್ವ ಎಡಚಿ, ಎಡಗೈಗೆ ಸೂಜಿ ಕೊಡುವ ತನಕ ಏಣಿ ಬಿಡುವುದಿಲ್ಲ ಎಂದಳಂತೆ. ನಾನು ತಲೆಯೆತ್ತಿ ನೋಡಿದೆ. ಸೂಜಿ ಎಡಗೈಯಲ್ಲಿತ್ತು. ಚಿಗವ್ವ ಎಡಚಿ ಎಂಬುದು ಅರವತ್ತು ವರ್ಷ ಅವಳ ಕಣ್ಣೆದುರು ಬೆಳೆದ ನನ್ನ ಗಮನಕ್ಕೆ ಬಂದಿರಲಿಲ್ಲ.

"ನಾ ಬಲಗೈ, ಅಕಿ ಎಡಗೈ" ಎಂದಳು ಜೈತೂನಬಿ ನನಗೆ. "ಅದಕ್ಕ ಮಗ್ಗಲಕ್ಕ ಕುಂತ್ರೂ ಮೊಣಕೈಗೆ ಮೊಣಕೈ ಹತ್ತತಿರಲಿಲ್ಲರಿ ಮಾಸ್ತರ."

ಚಿಗವ್ವ ತಟ್ಟಿನ ಅಂಚಿಗೆ ಕೂತು, ಮುಂದೆ ಹರಡಿದ್ದ ಅರ್ಧ ಕೌದಿಯನ್ನು ನೋಡುತ್ತಿದ್ದಳು. ತಪ್ಪಾಯಿತು ಎಂಬ ಮಾತು ಎಲ್ಲೋ ಹತ್ತಿರದಲ್ಲೇ ಸುಳಿದಾಡುತ್ತಿರುವುದು ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಅವಳಿಗೆ ಸೀನು ಬಂತು.

"ಜೈತೂನ, ಅವತ್ತ ನಾ..." ಎಂದಳು ಸೆರಗಿನಿಂದ ಮೂಗು ಒರೆಸಿಕೊಂಡು.

"ಸೂಜಿ ಅಲ್ಲೇ ಅದ ನೋಡ" ಎಂದಳು ಜೈತೂನಬಿ. "ಆ ಕಡಿಯಿಂದ ಹಿಡಿ. ಲಗೂನ ಮುಗಿಸಬೇಕ ಇದನ್ನ."

ಸಾಯಲಿ ಹಿಂಜರಿಯುತ್ತ ನನ್ನ ಕಡೆ ನೋಡಿದಳು. ಅವಳ ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ ಇತ್ತು. ಅಳಿಸುವುದೋ ಹೇಗೆ ಎಂದು ಮೆಲ್ಲಗೆ ಕೇಳಿದಳು. ಅದೇ ಹೊತ್ತಿಗೆ ಈರಣ್ಣನ ಫೋನೂ ಬಂತು, ಅವನದೂ ಅದೇ ಪ್ರಶ್ನೆ. ನಾನು ಫೋನನ್ನು ಚಿಗವ್ವನ ಕಿವಿಗೆ ಹಿಡಿದೆ. ಅವಳ ಎರಡೂ ಕೈ ಆಗಲೇ ಕೌದಿಯೊಳಗಿದ್ದವು.

"ಏ ಈರ್ಯಾ, ಗ್ವಾಡಿ ಸುದ್ದಿಗೆ ಬರಬ್ಯಾಡ ನೀ" ಎಂದಳು. "ಅದನ್ನ ಅಳಿಸಿದ್ರ ಇಕಿ ಇಡೀ ದಿನ ಯಾರ ಮಾರಿ ನೋಡ್ಕೊಂತ ಹೊಲೀಬೇಕು?"

ಜೈತೂನಬಿ ತಲೆಯೆತ್ತಲಿಲ್ಲ. ಹೊಲಿಗೆ ಎಳೆಯುತ್ತಲೇ ಹೇಳಿದಳು.

"ಅಳಿಸಿದ್ರ ಅಳಿಸಲಿ ಬಿಡ. ಮಾರಿ ಹೊತಗೊಂಡ ಬಂದಾಳಲ್ಲ, ಇಲ್ಲೇ ಕುಂದ್ರಲಿ."